ತಾಳ ತಪ್ಪಿದ್ದು ಯಾರು?

ಹಳೆಯ ಗಣಕಯಂತ್ರವನ್ನು ಗುಜರಿಗೆ ಹಾಕುವುದೋ ಇಟ್ಟುಕೊಳ್ಳುವುದೋ ಎಂದು 2023ರ ದಸರೆಗೆ ಮುಂಚೆ ಯಾರಾದರೂ ನನ್ನನ್ನು ಕೇಳಿದ್ದರೆ, ಗುಜರಿಗೇ ಹಾಕಿ ಎಂದು ಕಣ್ಣು ಮುಚ್ಚಿ ಹೇಳಿಬಿಡುತ್ತಿದ್ದೆ. ಈಗ ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ. ಅದಕ್ಕೆ ಕಾರಣವಾದ ಪ್ರಸಂಗವನ್ನು ಹೇಳುತ್ತೇನೆ. ಇದರಲ್ಲಿ ನನ್ನ ಹೆಗ್ಗಳಿಕೆ ಏನೂ ಇಲ್ಲ. ಇರುವುದು ಎರಡು ಪೆದ್ದುತನ.

ನಾನು ನಂಜನಗೂಡಿನವನು. ಕೆಲಸ ತಿ. ನರಸೀಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ. ಕಪಿಲೆ ನಮ್ಮೂರ ಶ್ರೀಕಂಠೇಶ್ವರನ ಪಕ್ಕದಲ್ಲಿ ಹರಿದು ಹೋಗಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ನಾನೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ ದಿನಾ ಬಸ್ಸಿನಲ್ಲಿ ಹೋಗುತ್ತೇನೆ, ಅವಳಂತಲ್ಲದೆ ಸಂಜೆ ವಾಪಸು ಬರುತ್ತೇನೆ. ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಈ ವೃತ್ತಿಗೆ ಬಿದ್ದವನಿಗೆ ಈಗ ಐವತ್ತು ದಾಟಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರ ಕಲಿಸುತ್ತೇನೆ. ಸಂಗೀತದಲ್ಲಿ ನನ್ನ ಜ್ಞಾನ ಸೊನ್ನೆ. ಮದುವೆ ಮನೆಯಲ್ಲಿ ನಾಗಸ್ವರ ಜೋರಾದಾಗ ಮಾಂಗಲ್ಯಧಾರಣೆ ಆಯಿತು ಎಂದು ತಿಳಿಯುವಷ್ಟು ಮಾತ್ರ.

ಆ ಸಲದ ದಸರಾ ರಜೆಗೆ ಎರಡು ದಿನ ಇತ್ತು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ಒಂದು ಸಿ.ಡಿ. ತಂದು ನನ್ನ ಮೇಜಿನ ಮೇಲಿಟ್ಟಳು.

“ಸಾರ್, ಇದರಲ್ಲಿ ನಮ್ಮ ತಾತನ ಹಾರ್ಮೋನಿಯಂ ಇದೆಯಂತೆ. ಓಪನ್ ಆಗ್ತಾ ಇಲ್ಲ.”

ತಾತ ಯಾರೆಂದು ನನಗೆ ಗೊತ್ತಿತ್ತು. ಸುತ್ತಮುತ್ತಲ ಹತ್ತಾರು ಊರುಗಳಿಗೆ ಪೌರಾಣಿಕ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು. ಕುರುಕ್ಷೇತ್ರ ಆಡುತ್ತೇವೆ ಎಂದು ಊರಿನವರು ಗೊತ್ತುಮಾಡಿಕೊಂಡರೆ ಮೂರು ತಿಂಗಳು ಅಲ್ಲೇ ಇದ್ದು, ಹಗಲೆಲ್ಲ ಉಳುಮೆ ಮಾಡಿ ದಣಿದ ಭೀಮ ದುರ್ಯೋಧನರಿಗೆ ರಾತ್ರಿ ಹಾಡು ತಿದ್ದುತ್ತಿದ್ದವರು. 2019ರಲ್ಲಿ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ತೊದಲಿತು. ಎಡಗೈ ಈಗಲೂ ಹಾರ್ಮೋನಿಯಂನ ತಿದಿ ಒತ್ತಬಲ್ಲದು. ಆದರೆ ಸ್ವರವೆಲ್ಲ ಇದ್ದದ್ದು ಬಲಗೈಯಲ್ಲಿ.

2005ರಲ್ಲಿ, ಮೇಷ್ಟ್ರು ಗಟ್ಟಿಯಾಗಿದ್ದಾಗ, ಡಿಪ್ಲೊಮಾ ಓದುತ್ತಿದ್ದ ಅವರ ಕಿರಿಯ ಮಗ ಮನೆಯ ಕಂಪ್ಯೂಟರಿನಲ್ಲಿ ಹದಿನಾಲ್ಕು ಹಾಡುಗಳನ್ನು ಮುದ್ರಿಸಿಕೊಂಡಿದ್ದ. ಇದ್ದದ್ದು ಒಂದೇ ಮೈಕು. ಎರಡನ್ನೂ ಒಟ್ಟಿಗೆ ಹಿಡಿದರೆ ಹಾರ್ಮೋನಿಯಂ ದನಿಯನ್ನು ನುಂಗಿಹಾಕುತ್ತಿತ್ತು. ಆದ್ದರಿಂದ ಹುಡುಗ ಉಪಾಯ ಮಾಡಿ, ಮೊದಲು ಬರೀ ಹಾರ್ಮೋನಿಯಂ ನುಡಿಸಿ ಒಂದು ಪಟ್ಟಿಯಲ್ಲಿ ಹಿಡಿದು, ಆಮೇಲೆ ಅದನ್ನು ಕೇಳುತ್ತಾ ಹಾಡಿಸಿ ದನಿಯನ್ನು ಇನ್ನೊಂದು ಪಟ್ಟಿಯಲ್ಲಿ ಹಿಡಿದಿದ್ದ. ಎರಡನ್ನೂ ಬೆರೆಸಿದ ಹಾಡುಗಳು ಊರಿನವರ ಮೊಬೈಲುಗಳಲ್ಲಿ ಇಂದಿಗೂ ಓಡಾಡುತ್ತಿವೆ. ಆದರೆ ಹುಡುಗಿಗೆ ಬೇಕಾಗಿದ್ದುದು ಬೆರೆಸದೇ ಇದ್ದ ಹಾರ್ಮೋನಿಯಂ.

“ತಾತ ನುಡಿಸಬೇಕು, ನಾನು ಹಾಡಬೇಕು ಸಾರ್. ಒಂದೇ ಒಂದು ಹಾಡು.”

ಬೆರೆತ ಹಾಲು ನೀರನ್ನು ಬೇರೆ ಮಾಡುವ ಹಂಸಗಳು ಕಂಪ್ಯೂಟರ್ ಲೋಕಕ್ಕೂ ಈಚೆಗೆ ಬಂದಿವೆ. ಆದರೆ ಅವು ಬಿಡಿಸಿಕೊಟ್ಟ ಹಾರ್ಮೋನಿಯಂನಲ್ಲಿ ದನಿಯ ಎಳೆಗಳು ಅಂಟಿಕೊಂಡೇ ಇರುತ್ತವೆ. ಹುಡುಗಿ ಅದನ್ನು ಆಗಲೇ ಪ್ರಯತ್ನಿಸಿ ಬಿಟ್ಟಿದ್ದಳು.

ಸಿ.ಡಿ.ಯನ್ನು ಶಾಲೆಯ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಹದಿನಾಲ್ಕು ಕಡತ ಇದ್ದವು, ಒಂದೊಂದೂ ಕೆಲವೇ ಕಿಲೋಬೈಟು. ನನಗೆ ಆಗಲೇ ಎದೆ ಧಸಕ್ಕೆಂದಿತು. ಆ ಹುಡುಗ ಬಳಸಿದ್ದು ಆಡಾಸಿಟಿ ಎಂಬ ಉಚಿತ ತಂತ್ರಾಂಶ. 2000ದಲ್ಲಿ ಬಂದ ಅದು ಇಂದಿಗೂ ಬಳಕೆಯಲ್ಲಿದೆ. ಅದರ ಹಳೆಯ ಆವೃತ್ತಿಗಳು ಧ್ವನಿಯನ್ನು ಒಂದೇ ಕಡತದಲ್ಲಿ ಇಡುತ್ತಿರಲಿಲ್ಲ. ಸುಮಾರು ಒಂದೊಂದು ಮೆಗಾಬೈಟಿನ ತುಂಡುಗಳನ್ನಾಗಿ ಕತ್ತರಿಸಿ, ಅರ್ಥವಾಗದ ಹೆಸರು ಕೊಟ್ಟು ಬೇರೆ ಒಂದು ಫೋಲ್ಡರಿನಲ್ಲಿ ತುಂಬುತ್ತಿದ್ದವು. ಯಾವ ತುಂಡು ಎಲ್ಲಿ ಕೂರಬೇಕು ಎಂಬ ಪಟ್ಟಿ ಮಾತ್ರ ಇನ್ನೊಂದು ಪುಟ್ಟ ಕಡತದಲ್ಲಿ. (2021ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಎಲ್ಲವನ್ನೂ ಒಂದೇ ಕಡತದಲ್ಲಿ ಇಡುತ್ತಾರೆ.) ಚಿಕ್ಕಪ್ಪ ಸಿ.ಡಿ.ಗೆ ಬರೆದದ್ದು ಆ ಪುಟ್ಟ ಕಡತಗಳನ್ನು ಮಾತ್ರ. ಹಾಜರಿ ಪುಸ್ತಕ ಬಂದಿತ್ತು, ಮಕ್ಕಳು ಬಂದಿರಲಿಲ್ಲ.

“ಆ ಕಂಪ್ಯೂಟರ್ ಎಲ್ಲಿದೆಯಮ್ಮ?”

“ಅಟ್ಟದ ಮೇಲೆ. ಗುಜರಿಯವನು ಮುನ್ನೂರು ರೂಪಾಯಿ ಕೊಡ್ತೀನಿ ಅಂದಿದ್ದಾನೆ. ಅಮ್ಮ ಹಬ್ಬಕ್ಕೆ ಮನೆ ಸಾರಿಸೋವಾಗ ಕೊಟ್ಟುಬಿಡ್ತೀನಿ ಅಂತಾ ಇದ್ದಾರೆ.”

ಮಾರನೆಯ ದಿನ ನರಸೀಪುರದ ಅವರ ಮನೆಗೆ ಹೋದೆ. ಅವಳ ತಾಯಿ ಕಾಫಿ ಕೊಟ್ಟು ಬಾಗಿಲಲ್ಲೇ ನಿಂತರು. “ಹತ್ನೇ ಕ್ಲಾಸು ಸಾ. ನೀವೇ ಬುದ್ಧಿ ಹೇಳ್ಬೇಕು, ನೀವೇ ಹಿಂಗೆ ಬಂದ್ರೆ? ಇದ್ರಿಂದ ಮಾರ್ಕ್ಸು ಬತ್ತದಾ?” ಎಂದರು. ಪ್ರಶ್ನೆ ನ್ಯಾಯವಾದದ್ದೇ. ಭಾನುವಾರ ಮಾತ್ರ, ಅದೂ ಎರಡು ಗಂಟೆ, ಧ್ವನಿಯ ಪಾಠ ಒಂಬತ್ತನೆಯ ತರಗತಿಯದು, ಮನೆಯ ವಿದ್ಯುತ್ ಮಂಡಲ ಹತ್ತನೆಯದು, ಎಲ್ಲ ಪಾಠಕ್ಕೇ ಸೇರುತ್ತದೆ ಎಂದೆಲ್ಲ ಹೇಳಿ ಒಪ್ಪಿಸಿದೆ. ಅರ್ಧ ನಿಜ, ಅರ್ಧ ನನ್ನ ಕುತೂಹಲ. ಮೇಷ್ಟ್ರು ಮಂಚದ ಮೇಲೆ ದಿಂಬಿಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದರು.

ಯಂತ್ರ ಪೆಂಟಿಯಂ 4. ವಿಂಡೋಸ್ ಎಕ್ಸ್‌ಪಿ. ಹೊಟ್ಟೆ ದಪ್ಪದ ಗಾಜಿನ ಮಾನಿಟರ್. ಹಳೆಯ ಯಂತ್ರ ತೆರೆಯುವ ಮಕ್ಕಳಿಗೆ ಇಲ್ಲಿ ಒಂದು ಮಾತು: ಪ್ಲಗ್ ಕಿತ್ತು ತೆರೆಯಿರಿ, ಆದರೆ ವಿದ್ಯುತ್ ಪೂರೈಸುವ ಆ ತಗಡಿನ ಡಬ್ಬಿಯನ್ನೂ ಗಾಜಿನ ಮಾನಿಟರನ್ನೂ ಮಾತ್ರ ತೆರೆಯಬೇಡಿ. ನಮ್ಮ 230 ವೋಲ್ಟ್ ಏಕಮುಖವಾದಾಗ ಡಬ್ಬಿಯೊಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೇಲೆ ನಿಲ್ಲುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಮಾನಿಟರಿನೊಳಗೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಉಳಿದದ್ದು ಬಡಪಾಯಿ ಕೆಲಸ. ಧೂಳು ಊದಿದೆವು. ಮೆಮೊರಿ ಪಟ್ಟಿಯ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆವು. ಗಡಿಯಾರದ ಬಿಲ್ಲೆ ಬ್ಯಾಟರಿ ಸತ್ತಿತ್ತು, ಮೂರು ವೋಲ್ಟಿನ ಹೊಸದನ್ನು ಹಾಕಿದೆವು. ತಾಯಿಹಲಗೆಯ ಮೇಲೆ ಎರಡು ಕೆಪಾಸಿಟರುಗಳ ತಲೆ ಉಬ್ಬಿತ್ತು. ಆ ಕಾಲದ ಯಂತ್ರಗಳಿಗೆ ಅದು ಸಾಮಾನ್ಯ ಕಾಯಿಲೆ. ನಂಜನಗೂಡಿನಲ್ಲಿ ಟಿ.ವಿ. ರಿಪೇರಿ ಮಾಡುವ ಗೆಳೆಯ ಅವನ್ನು ಬದಲಿಸಿಕೊಟ್ಟ.

ಯಂತ್ರ ಎದ್ದಿತು. ನನ್ನ ಮೊದಲನೆಯ ಪೆದ್ದುತನ ಇಲ್ಲಿ.

ಯಂತ್ರ ಎದ್ದಿತೇ ಹೊರತು ಶಬ್ದ ಬರುತ್ತಿರಲಿಲ್ಲ. ನಾನು ಶಬ್ದ ಬರಿಸುವ ಹಟಕ್ಕೆ ಬಿದ್ದೆ. ಧ್ವನಿಯ ಕಾರ್ಡನ್ನು ಒಂದು ಸೀಳಿನಿಂದ ಇನ್ನೊಂದಕ್ಕೆ ಬದಲಿಸಿದೆ, ಚಾಲಕ ತಂತ್ರಾಂಶ ತೆಗೆದು ಮತ್ತೆ ಹಾಕಿದೆ, ಹತ್ತು ಸಲ ಆರಿಸಿ ಹತ್ತಿಸಿದೆ. ಮಧ್ಯೆ ಹುಡುಗಿ, “ಸಾರ್, ಮೊದಲು ತಾತನ ಫೈಲ್ಸ್ ಕಾಪಿ ಮಾಡ್ಕೊಂಡುಬಿಡೋಣ್ವಾ?” ಎಂದಳು. “ಇರಮ್ಮ, ಎಲ್ಲಿಗೂ ಓಡಿಹೋಗಲ್ಲ” ಎಂದೆ. ಮೂರು ಗಂಟೆಯ ನಂತರ ಡಿಸ್ಕು ಟಕ್ ಟಕ್ ಎನ್ನತೊಡಗಿತು, ಪರದೆ ನೀಲಿಯಾಯಿತು. ಮತ್ತೆ ಹತ್ತಿಸಿದರೆ ಡಿಸ್ಕೇ ಇಲ್ಲ ಎಂದಿತು. ಹದಿನೆಂಟು ವರ್ಷ ಅಟ್ಟದ ಧೂಳು, ಇಲಿ, ಸೆಕೆಗಳನ್ನು ತಡೆದುಕೊಂಡಿದ್ದ ಡಿಸ್ಕು ನನ್ನ ಜಾಣತನವನ್ನು ತಡೆದುಕೊಳ್ಳಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ಭಾನುವಾರ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ, ಮನೆದೇವರನ್ನು ನೆನೆದು ಗುಂಡಿ ಒತ್ತಿದೆ. ಡಿಸ್ಕು ಕಾಣಿಸಿತು. ಬೇರೇನನ್ನೂ ಮುಟ್ಟದೆ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಎಳೆದೆ. ಹನ್ನೆರಡು ಹಾಡು ಪೂರ್ತಿಯಾಗಿ ಬಂದವು. ಎರಡರಲ್ಲಿ ಒಂದೊಂದು ತುಂಡನ್ನು ಓದಲಾಗಲಿಲ್ಲ. ಆಡಾಸಿಟಿಯಲ್ಲಿ ಒಂದು ತುಂಡು ಎಂದರೆ ಎಷ್ಟು? ಸೆಕೆಂಡಿಗೆ 44,100 ಅಳತೆ, ಒಂದೊಂದಕ್ಕೂ ನಾಲ್ಕು ಬೈಟು. ಒಂದು ಮೆಗಾಬೈಟನ್ನು ಇದರಿಂದ ಭಾಗಿಸಿದರೆ ಹತ್ತಿರ ಹತ್ತಿರ ಆರು ಸೆಕೆಂಡು. ಎರಡು ಹಾಡುಗಳಲ್ಲಿ ಆರಾರು ಸೆಕೆಂಡು ಮೌನ. ಹುಡುಗಿ ಹಾಡಬೇಕೆಂದು ಆರಿಸಿಕೊಂಡಿದ್ದ ಹಾಡು ಅವೆರಡರಲ್ಲಿ ಒಂದು. ಆ ತುಂಡು ಮೊದಲೇ ಕೆಟ್ಟಿತ್ತೋ ನನ್ನ ಮೂರು ಗಂಟೆಯ ಪರಾಕ್ರಮದಲ್ಲಿ ಕೆಟ್ಟಿತೋ ಯಾರಿಗೂ ತಿಳಿಯದು. ಹುಡುಗಿ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಕಡತ ಸಿಕ್ಕಿತಲ್ಲ, ಇನ್ನು ಆ ಹಳೆಯ ಡಬ್ಬಿ ಏಕೆ ಎಂದು ನೀವು ಕೇಳಬಹುದು. ಶಾಲೆಯ ಲ್ಯಾಪ್‌ಟಾಪಿನಲ್ಲಿ ಇರುವುದು ಕಿವಿಗೂ ಬಾಯಿಗೂ ಸೇರಿ ಒಂದೇ ತೂತು. ಹಳೆಯ ಕಾರ್ಡಿನಲ್ಲಿ ಮೂರು: ಹಸಿರು ಹೊರಕ್ಕೆ, ಗುಲಾಬಿ ಮೈಕಿಗೆ, ನೀಲಿ ಬೇರೆ ಉಪಕರಣಗಳಿಂದ ಬರುವ ಬಲವಾದ ಧ್ವನಿಗೆ. ಗುಲಾಬಿ ತೂತು ಕೆಲವು ಮಿಲಿವೋಲ್ಟುಗಳಿಗೆ ಕಿವಿಗೊಡುವಂಥದು. ಅದಕ್ಕೆ ಟೇಪ್‌ರೆಕಾರ್ಡರನ್ನೋ ಮಿಕ್ಸರನ್ನೋ ಸಿಕ್ಕಿಸಿದರೆ ಪಿಸುಮಾತು ಕೇಳಲು ಬಗ್ಗಿದವನ ಕಿವಿಯಲ್ಲಿ ಕಹಳೆ ಊದಿದಂತೆ, ದನಿ ಹರಿದುಹೋಗುತ್ತದೆ. ನೀಲಿ ತೂತಿರುವ ಹೊಸ ಪೆಟ್ಟಿಗೆ ಕೊಳ್ಳಲು ಸಾವಿರಗಟ್ಟಲೆ ರೂಪಾಯಿ. ಇರುವ ನೀಲಿ ತೂತು ಅಟ್ಟದಿಂದ ಇಳಿದು ಬಂದಿದೆ. ಮೇಲಾಗಿ, ಆ ಯಂತ್ರದಲ್ಲೇ ಹಾಡಬೇಕು ಎನ್ನುವ ಆಸೆ ಹುಡುಗಿಗೆ ಇತ್ತು. ಇಂಟರ್‌ನೆಟ್ಟಿಗೆ ಮಾತ್ರ ಸೇರಿಸಲಿಲ್ಲ. ಎಕ್ಸ್‌ಪಿಗೆ ರಕ್ಷಣೆಯ ತಿದ್ದುಪಡಿಗಳು 2014ರ ಏಪ್ರಿಲಿಗೇ ನಿಂತುಹೋಗಿವೆ.

ಶಬ್ದ ಬಾರದಿದ್ದ ಕಾರಣ ಕೊನೆಗೆ ತಿಳಿದಾಗ ನಾಚಿಕೆಯಾಯಿತು. ಪರದೆಯ ಮೂಲೆಯ ಧ್ವನಿಫಲಕದಲ್ಲಿ ‘ಮ್ಯೂಟ್’ ಎಂಬ ಚೌಕಕ್ಕೆ ಯಾರೋ ಎಂದೋ ಗುರುತು ಹಾಕಿದ್ದರು. ಅದನ್ನು ಮೊದಲು ನೋಡಬೇಕು ಎಂದು ಯಾವ ಪುಸ್ತಕದಲ್ಲಾದರೂ ಬರೆದಿರುತ್ತದೆ. ನಾವು ಕೊನೆಗೆ ನೋಡುತ್ತೇವೆ.

ಮೈಕ್‌ಸೆಟ್ಟಿನ ಅಂಗಡಿಯ ಹುಡುಗ ಒಂದು ಮೈಕು, ಒಂದು ಪುಟ್ಟ ಮಿಕ್ಸರು ತಂದುಕೊಟ್ಟ. ಮಿಕ್ಸರಿನಿಂದ ನೀಲಿ ತೂತಿಗೆ ತಂತಿ ಎಳೆದೆವು. ಗುಂಯ್ ಎಂದಿತು. ದುಂಬಿಯ ಗೂಡಿಗೆ ಕಿವಿಯಿಟ್ಟಂತೆ. ಕಂಪ್ಯೂಟರಿನ ತಗಡನ್ನು ಮುಟ್ಟಿದರೆ ಬೆರಳು ಜುಮ್ ಎನ್ನುತ್ತಿತ್ತು.

ತಿರುಮಕೂಡಲು ಪಿಟೀಲು ಚೌಡಯ್ಯನವರು ಹುಟ್ಟಿದ ನೆಲ. 1895ರಲ್ಲಿ ಹುಟ್ಟಿ ಬಿಡಾರಂ ಕೃಷ್ಣಪ್ಪನವರಲ್ಲಿ ಕಲಿತ ಅವರು, ಧ್ವನಿವರ್ಧಕವಿಲ್ಲದ ಆ ಕಾಲದ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ಕೇಳಲೆಂದು ಪಿಟೀಲಿನ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನ ನಿಂತಿರುವುದು ಅವರ ಹೆಸರಿನಲ್ಲೇ. ಅವರು ತಂತಿ ಸೇರಿಸಿದಷ್ಟೂ ನಾದ ಬೆಳೆಯಿತು. ಅದೇ ಊರಿನಲ್ಲಿ ನಾವು ತಂತಿ ಸೇರಿಸಿದಷ್ಟೂ ಗುಂಯ್ ಬೆಳೆಯುತ್ತಿತ್ತು.

ಗುಂಯ್‌ಗುಡುವಿಕೆಯ ಒಂದು ತುಣುಕನ್ನು ಮುದ್ರಿಸಿ ಆಡಾಸಿಟಿಯಲ್ಲಿ ಅದರ ಕಂಪನಾಂಕಗಳ ನಕ್ಷೆ ತೆಗೆದೆವು. 50ರಲ್ಲಿ ಒಂದು ಗೋಪುರ, 100ರಲ್ಲಿ, 150ರಲ್ಲಿ ಅದರ ಮರಿಗಳು. “ಇದು ಯಾವುದು ಹೇಳು?” ಎಂದೆ. “ಕರೆಂಟು ಸಾರ್, 50 ಹರ್ಟ್ಸ್” ಎಂದಳು. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ. ಆದರೆ ಅದನ್ನು ಕಣ್ಣಲ್ಲಿ ಕಂಡದ್ದು ಅವಳಿಗೂ ಮೊದಲು, ನನಗೂ ಮೊದಲು.

ಕಾರಣ ಎರಡಿದ್ದವು, ಒಂದರ ಹಿಂದೆ ಒಂದು ಅವಿತಿದ್ದವು. ಆ ಗೋಡೆಯ ಸಾಕೆಟ್ಟಿನಲ್ಲಿ ಮೂರನೆಯ ದೊಡ್ಡ ತೂತು ಬರೀ ತೂತು. ಅದರ ಹಿಂದೆ ತಂತಿಯೇ ಇರಲಿಲ್ಲ. ಭೂಸಂಪರ್ಕವಿಲ್ಲದ ಕಂಪ್ಯೂಟರಿನ ಮೈಯಲ್ಲಿ, ಅದರೊಳಗಿನ ಶೋಧಕ ಕೆಪಾಸಿಟರುಗಳ ದೆಸೆಯಿಂದ, ಸುಮಾರು ಅರ್ಧ ಮುಖ್ಯವೋಲ್ಟೇಜು ನಿಂತಿರುತ್ತದೆ. ಹರಿಯುವ ವಿದ್ಯುತ್ತು ಅತ್ಯಲ್ಪ, ಜುಮ್ ಎನ್ನುವಷ್ಟೇ. ಅದೇ ಅತ್ಯಲ್ಪ ವಿದ್ಯುತ್ತು ಧ್ವನಿಯ ತಂತಿಯ ಹೊರಕವಚದ ಮೂಲಕ ದಾರಿ ಹುಡುಕಿಕೊಳ್ಳುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಹಿತ್ತಿಲಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ ಅರ್ತಿಂಗ್ ಮಾಡಿದ. ಅವಳ ತಾಯಿ ಇದಕ್ಕೆ ಮಾತ್ರ ಸಂತೋಷಪಟ್ಟರು. ಫ್ರಿಜ್ಜು ಮುಟ್ಟಿದರೂ ಜುಮ್ ಎನ್ನುತ್ತಿತ್ತಂತೆ, ವರ್ಷಗಳಿಂದ.

ಜುಮ್ ನಿಂತಿತು, ಗುಂಯ್ ತಗ್ಗಿತು, ಪೂರ್ತಿ ಹೋಗಲಿಲ್ಲ. ಕಂಪ್ಯೂಟರು ಕೋಣೆಯ ಸಾಕೆಟ್ಟಿನಲ್ಲಿ, ಮಿಕ್ಸರು ಪಡಸಾಲೆಯಿಂದ ಎಳೆದ ಬೋರ್ಡಿನಲ್ಲಿ. ಎರಡಕ್ಕೂ ಬೇರೆ ಬೇರೆ ದಾರಿಯಲ್ಲಿ ಭೂಸಂಪರ್ಕ, ನಡುವೆ ಧ್ವನಿಯ ತಂತಿ. ಒಂದು ದೊಡ್ಡ ಕುಣಿಕೆಯಾಗಿತ್ತು. “ಆ ಮೂರನೇ ಪಿನ್ನು ಮುರಿದುಬಿಡಿ ಸಾ, ನಿಂತೋಯ್ತದೆ. ನಾವು ಹಂಗೇ ಮಾಡೋದು” ಎಂದ ಮೈಕ್‌ಸೆಟ್ ಹುಡುಗ. ನಿಲ್ಲುತ್ತದೆ, ನಿಜ. ಒಂದು ದಿನ ಹಾಡುವವನೂ ನಿಂತುಹೋಗುತ್ತಾನೆ. ಆ ಪಿನ್ನು ಪ್ರಾಣ ಉಳಿಸಲು ಇರುವುದು, ಅದನ್ನು ಮುರಿಯಬೇಡ ಎಂದು ಹುಡುಗನಿಗೆ ಸ್ವಲ್ಪ ಗದರಿಯೇ ಹೇಳಿದೆ. ಎಲ್ಲವನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿದೆವು. ಕುಣಿಕೆ ಚಿಕ್ಕದಾಯಿತು, ಗುಂಯ್ ಅಡಗಿತು. ಉಳಿದ ಚೂರುಪಾರನ್ನು ತಂತ್ರಾಂಶದಿಂದ ತೆಗೆಯಬಹುದಿತ್ತು. ತೆಗೆದು ನೋಡಿದೆವು, ಗುಂಯ್ ಜೊತೆಗೆ ಹಾರ್ಮೋನಿಯಂನ ತಿದಿಯ ಉಸಿರೂ ಹೋಗಿ ಹಾಡು ಪ್ಲಾಸ್ಟಿಕ್ ಹೂವಿನಂತಾಯಿತು. ಇರಲಿ ಬಿಡು ಎಂದೆವು.

ಆಮೇಲೆ ಪಟಪಟ ಸದ್ದು. ಮುದ್ರಿಸುವಾಗ ಕೆಲವು ಸೆಕೆಂಡಿಗೊಮ್ಮೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ. ಇದಕ್ಕೆ ಎರಡು ಭಾನುವಾರ ಹೋದವು. ಧ್ವನಿಯ ಕಾರ್ಡು, ಮಿಕ್ಸರು, ತಂತಿ, ಎಲ್ಲರ ಮೇಲೂ ಅನುಮಾನಪಟ್ಟ ಮೇಲೆ ಕಳ್ಳ ಸಿಕ್ಕಿದ್ದು ಧ್ವನಿಗೆ ಸಂಬಂಧವೇ ಇಲ್ಲದ ಕಡೆ. ಡಿಸ್ಕಿನಿಂದ ಮಾಹಿತಿ ಸಾಮಾನ್ಯವಾಗಿ ಪ್ರೊಸೆಸರಿಗೆ ತೊಂದರೆ ಕೊಡದೆ ನೇರವಾಗಿ ಮೆಮೊರಿಗೆ ಹೋಗುತ್ತದೆ. ಅದು ಡಿ.ಎಂ.ಎ. ಸಾಗಣೆಯಲ್ಲಿ ತಪ್ಪುಗಳಾದರೆ ಎಕ್ಸ್‌ಪಿ ಅವನ್ನು ಎಣಿಸುತ್ತದೆ. ಆರು ಆದಾಗಲೆಲ್ಲ ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ, ಕೊನೆಗೆ ಪಿ.ಐ.ಒ. ಎಂಬ ಹಳೆಯ ಪದ್ಧತಿಗೆ ಬಂದು ನಿಲ್ಲುತ್ತದೆ. ಆಗ ಪ್ರತಿಯೊಂದು ಅಕ್ಷರವನ್ನೂ ಪ್ರೊಸೆಸರೇ ಹೊತ್ತು ಸಾಗಿಸಬೇಕು, ಹೆಡ್‌ಮಾಸ್ಟರೇ ಎಲ್ಲ ತರಗತಿಗೂ ಹೋಗಿ ಸೀಮೆಸುಣ್ಣ ಹಂಚಿದ ಹಾಗೆ. ಸೆಕೆಂಡಿಗೆ 44,100 ಸಲ ಬಂದು ಕದ ತಟ್ಟುವ ಧ್ವನಿಗೆ ಅಷ್ಟರಲ್ಲಿ ಯಾರೂ ಬಾಗಿಲು ತೆರೆಯುವುದಿಲ್ಲ. ಅದೇ ಪಟ್. ತಪ್ಪುಗಳಾಗಲು ಕಾರಣ ಡಿಸ್ಕಿನ ಪಟ್ಟಿ ಕೇಬಲ್. ಯಾರೋ 80 ಎಳೆಯದರ ಜಾಗದಲ್ಲಿ 40 ಎಳೆಯ ಹಳೆಯದನ್ನು ಹಾಕಿದ್ದರು, ಅದೂ ಮಡಿಕೆಯಲ್ಲಿ ನಲುಗಿತ್ತು. ಹೆಚ್ಚಿನ 40 ಎಳೆ ಸಂಕೇತಗಳನ್ನು ಹೊರುವುದಿಲ್ಲ, ಸಂಕೇತ ಹೊರುವ ಎಳೆಗಳ ನಡುವೆ ಗೋಡೆಯಾಗಿ ನಿಲ್ಲುತ್ತವೆ, ಅಷ್ಟೆ. ಮೈಸೂರಿನ ಗುಜರಿ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಸರಿಯಾದದ್ದು ಸಿಕ್ಕಿತು. ಡಿವೈಸ್ ಮ್ಯಾನೇಜರಿನಲ್ಲಿ ಆ ಡಿಸ್ಕಿನ ವಾಹಿನಿಯನ್ನು ಅಳಿಸಿ ಮತ್ತೆ ಹತ್ತಿಸಿದಾಗ ಯಂತ್ರ ಹಳೆಯ ಲೆಕ್ಕವನ್ನು ಮರೆತು ಡಿ.ಎಂ.ಎ.ಗೆ ಹಿಂದಿರುಗಿತು. ಸಾಸಿವೆ ಸಿಡಿಯುವುದು ನಿಂತಿತು. ಮೊದಲ ದಿನ ಡಿಸ್ಕು ಮಾಯವಾದದ್ದೂ ಬಹುಶಃ ಆ ಕೇಬಲ್ಲಿನ ಕೈವಾಡವೇ.

ನವೆಂಬರ್ ಹೊತ್ತಿಗೆ ಹುಡುಗಿ ಹಾಡಲು ಕುಳಿತಳು. ಕಿವಿಗೆ ಹೆಡ್‌ಫೋನು, ಅದರಲ್ಲಿ 2005ರ ತಾತನ ಹಾರ್ಮೋನಿಯಂ, ಎದುರಿಗೆ ಮೈಕು. ಹಾಡಿ ಮುಗಿಸಿದಳು. ಮುಖ ಅರಳಿತ್ತು. ಎರಡು ಪಟ್ಟಿಗಳನ್ನೂ ಸೇರಿಸಿ ಸ್ಪೀಕರಿನಲ್ಲಿ ಹಾಕಿದೆ.

ಮಂಚದ ಮೇಲಿನಿಂದ ಮೇಷ್ಟ್ರ ಎಡಗೈ ಪಟ್ಟನೆ ಮರದ ಚೌಕಟ್ಟಿಗೆ ಬಡಿಯಿತು. ಇನ್ನೊಮ್ಮೆ. ತಲೆ ಅಡ್ಡಡ್ಡ ಆಡಿಸಿದರು. ನನ್ನಂಥ ಸಂಗೀತದ ಶತ್ರುವಿಗೂ ಕೇಳುತ್ತಿತ್ತು: ಹಾಡು ಹಾರ್ಮೋನಿಯಂನ ಹಿಂದೆ ಕಾಲು ಎಳೆಯುತ್ತಿತ್ತು.

“ಹಾಡುವಾಗ ಸರಿಯಾಗೇ ಇತ್ತು ಸಾರ್” ಎಂದಳು ಹುಡುಗಿ.

“ಹಾಡುವಾಗ ಎಲ್ಲರಿಗೂ ಸರಿಯಾಗೇ ಇರುತ್ತಮ್ಮ. ಅಭ್ಯಾಸ ಸಾಲದು” ಎಂದೆ. ಇದು ಎರಡನೆಯ ಪೆದ್ದುತನ.

ನಾಲ್ಕು ಭಾನುವಾರ ಹಾಡಿದಳು. ನಾಲ್ಕು ಸಲವೂ ಅದೇ. ವಾರವೆಲ್ಲ ಅಭ್ಯಾಸ ಮಾಡಿ ಬರುತ್ತಿದ್ದಳು, ಮೇಷ್ಟ್ರ ಕೈ ಚೌಕಟ್ಟಿಗೆ ಬಡಿಯುತ್ತಿತ್ತು. ಮೂರನೆಯ ಸಲ ಹಾರ್ಮೋನಿಯಂಗಿಂತ ಮುಂದಾಗಿ ಹಾಡಲು ಹೋಗಿ, ಅರ್ಧಕ್ಕೆ ನಿಲ್ಲಿಸಿ, ಮತ್ತೆ ಮೊದಲಿನಂತೆ ಪೂರ್ತಿ ಹಾಡಿದಳು. ಆ ಹೊತ್ತು ಅವಳ ದನಿ ನಿಜಕ್ಕೂ ಚೆನ್ನಾಗಿತ್ತು. ನಾಲ್ಕನೆಯ ಭಾನುವಾರ ಹೆಡ್‌ಫೋನು ಕಳಚಿಟ್ಟು, “ನನಗೆ ತಾಳ ಬರಲ್ಲ ಸಾರ್” ಎಂದು ಹಿತ್ತಿಲಿಗೆ ಹೋಗಿಬಿಟ್ಟಳು. “ಹೋಗ್ಲಿ ಬುಡಿ ಸಾ. ಅವಳಿಗೆ ಬರಾಕಿಲ್ಲ ಅಂದ್ಮೇಲೆ ಯಾಕೆ? ಪರೀಕ್ಷೆ ಹತ್ರ ಬಂತು” ಎಂದರು ತಾಯಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ನಾನೂ ಹಾಗೇ ಅಂದುಕೊಂಡೆ. ಎಲ್ಲರಿಗೂ ಎಲ್ಲವೂ ಬರಬೇಕೆಂದಿಲ್ಲವಲ್ಲ.

ಮಾರನೆಯ ದಿನ ಹತ್ತನೆಯ ತರಗತಿಗೆ ಓಮ್‌ನ ನಿಯಮದ ಪ್ರಯೋಗ. ಹಿಂದಿನ ಬೆಂಚಿನವನೊಬ್ಬ ಎದ್ದು, “ಸಾರ್, ಈ ಅಮ್ಮೀಟರು ಕರೆಂಟ್ ಕೊಡೋಕೆ ಮುಂಚೆನೇ ಎರಡು ಗೆರೆ ತೋರಿಸ್ತಾ ಇದೆ” ಎಂದ. ಇಷ್ಟು ವರ್ಷಗಳಿಂದ ಕೊಡುತ್ತಿರುವ ಉತ್ತರವನ್ನೇ ಕೊಟ್ಟೆ. ಅದಕ್ಕೆ ಶೂನ್ಯ ದೋಷ ಅಂತಾರೆ. ತಪ್ಪು ನಿನ್ನದಲ್ಲ, ಉಪಕರಣದ್ದು. ಮನುಷ್ಯನ ತಪ್ಪಾದರೆ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬರುತ್ತೆ. ಉಪಕರಣದ ತಪ್ಪು ಯಾವಾಗಲೂ ಒಂದೇ ಕಡೆಗೆ, ಒಂದೇ ಅಳತೆ. ಪ್ರತಿ ಸಲ ಎರಡು ಗೆರೆ ಕಳೆದು ಬರಿ...

ಹೇಳುತ್ತಾ ಹೇಳುತ್ತಾ ಸೀಮೆಸುಣ್ಣ ಕೈಯಲ್ಲೇ ನಿಂತಿತು. ನಾಲ್ಕು ಭಾನುವಾರ. ಒಂದೇ ಕಡೆಗೆ. ಒಂದೇ ಅಳತೆ?

ಭಾನುವಾರದವರೆಗೆ ಕಾಯಲಾಗಲಿಲ್ಲ. ಸಂಜೆಯೇ ಅವರ ಮನೆಗೆ ಹೋಗಿ, ಪರದೆಯ ಮೇಲೆ ಹಾಡನ್ನು ಹಿಗ್ಗಿಸಿ ನೋಡಿದೆ. ಹಾರ್ಮೋನಿಯಂನ ಸ್ವರ ಏಳುವ ಜಾಗಕ್ಕೂ ಅವಳ ಅಕ್ಷರ ಶುರುವಾಗುವ ಜಾಗಕ್ಕೂ ನಡುವೆ ಅಂತರ. ಪಲ್ಲವಿಯಲ್ಲಿ ಎಷ್ಟೋ ಕೊನೆಯ ಚರಣದಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೊದಲ ಭಾನುವಾರ ಎಷ್ಟೋ ನಾಲ್ಕನೆಯ ಭಾನುವಾರವೂ ಅಷ್ಟೇ. ತಾಳ ಬಾರದ ಹುಡುಗಿ ಇಷ್ಟು ಕರಾರುವಾಕ್ಕಾಗಿ ತಪ್ಪಲು ಸಾಧ್ಯವಿಲ್ಲ.

ಪರೀಕ್ಷೆ ಸುಲಭ. ಮೇಜಿನ ಮೇಲೆ ಪೆನ್ಸಿಲಿನಿಂದ ಹತ್ತು ಸಲ ಕುಟ್ಟಿ ಒಂದು ಪಟ್ಟಿಯಲ್ಲಿ ಮುದ್ರಿಸಿದೆವು. ಆಮೇಲೆ ಹಸಿರು ತೂತಿನಿಂದ ನೀಲಿ ತೂತಿಗೇ ಒಂದು ತಂತಿ ಸಿಕ್ಕಿಸಿ, ಆ ಪಟ್ಟಿಯನ್ನು ನುಡಿಸುತ್ತಾ ಮತ್ತೊಂದರಲ್ಲಿ ಮುದ್ರಿಸಿದೆವು. ಈಗ ನಡುವೆ ಮನುಷ್ಯನೇ ಇಲ್ಲ. ಯಂತ್ರ ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುತ್ತಿದೆ. ಹತ್ತೂ ಕುಟ್ಟುಗಳು ತಡವಾಗಿ ಬಂದವು. ಹತ್ತನ್ನೂ ಅಳೆದೆವು: ಸೆಕೆಂಡಿನ ನೂರರಲ್ಲಿ ಹನ್ನೆರಡು ಭಾಗ, ಕೂದಲೆಳೆಯಷ್ಟು ಆಚೀಚೆ.

ಏಕೆ ತಡ? ಬೀದಿ ನಲ್ಲಿಯಲ್ಲಿ ನೀರು ಒಮ್ಮೆ ಜೋರು ಒಮ್ಮೆ ಸಣ್ಣ. ಮನೆಯಲ್ಲಿ ಸಮನಾಗಿ ಬರಲೆಂದು ತೊಟ್ಟಿ ಕಟ್ಟುತ್ತೇವೆ. ಕಂಪ್ಯೂಟರಿನೊಳಗೂ ಧ್ವನಿಗೆ ಅಂಥ ತೊಟ್ಟಿಗಳಿವೆ, ಬಫರ್ ಎನ್ನುತ್ತಾರೆ. ಹೋಗುವ ದಾರಿಯಲ್ಲೊಂದು, ಬರುವ ದಾರಿಯಲ್ಲೊಂದು. ತೊಟ್ಟಿ ದೊಡ್ಡದಾದರೆ ಧ್ವನಿ ಕಡಿಯುವುದಿಲ್ಲ, ಆದರೆ ತುಂಬಿ ಹರಿಯುವಷ್ಟರಲ್ಲಿ ತಡವಾಗುತ್ತದೆ. ಯಂತ್ರ ಹಳೆಯದಾದಷ್ಟೂ ದೊಡ್ಡ ತೊಟ್ಟಿ ಬೇಕು. ಹಾರ್ಮೋನಿಯಂ ತೊಟ್ಟಿ ದಾಟಿ ತಡವಾಗಿ ಹುಡುಗಿಯ ಕಿವಿಗೆ ಬರುತ್ತಿತ್ತು, ಅವಳು ಅದಕ್ಕೆ ಸರಿಯಾಗಿ ಹಾಡುತ್ತಿದ್ದಳು, ಅವಳ ದನಿ ಇನ್ನೊಂದು ತೊಟ್ಟಿ ದಾಟಿ ಇನ್ನಷ್ಟು ತಡವಾಗಿ ಡಿಸ್ಕು ಸೇರುತ್ತಿತ್ತು. 0.12 ಸೆಕೆಂಡು ಎಂದರೆ ಅಲ್ಪವಲ್ಲ. ಗಾಳಿಯಲ್ಲಿ ಶಬ್ದ ಅಷ್ಟರಲ್ಲಿ ನಲವತ್ತು ಮೀಟರ್ ಹೋಗುತ್ತದೆ. ರಥಬೀದಿಯ ಆ ತುದಿಯಲ್ಲಿ ಹಾರ್ಮೋನಿಯಂ, ಈ ತುದಿಯಲ್ಲಿ ಹಾಡು. ಅವಳ ಹಾಡಿನಲ್ಲಿ ಒಂದೊಂದು ತಾಳದ ಪೆಟ್ಟಿಗೂ ಅರ್ಧ ಸೆಕೆಂಡು. ಅದರಲ್ಲಿ ಕಾಲು ಭಾಗ ಹಿಂದೆ ಬಿದ್ದರೆ ಮೇಷ್ಟ್ರ ಕೈ ಸುಮ್ಮನಿರುತ್ತದೆಯೇ?

“ತಪ್ಪು ನಿನ್ನದಲ್ಲಮ್ಮ. ಇದರದ್ದು. ಸ್ವಲ್ಪ ನನ್ನದೂ” ಎಂದೆ. ಐವತ್ತು ದಾಟಿದ ಮೇಷ್ಟ್ರಿಗೆ ಈ ಮಾತು ಗಂಟಲಿನಿಂದ ಹೊರಡುವುದು ಅಷ್ಟು ಸುಲಭವಲ್ಲ.

ಹುಡುಗಿ ಪರದೆಯನ್ನೇ ನೋಡುತ್ತಿದ್ದಳು. “ಹಾಗಾದ್ರೆ ಆ ನಾಲ್ಕು ಭಾನುವಾರದ್ದನ್ನೂ ಎಳೆದು ನೋಡೋಣ್ವಾ ಸಾರ್?” ಎಂದಳು. ಆಡಾಸಿಟಿಯ ಹಳೆಯ ಆವೃತ್ತಿಗಳಲ್ಲಿ ಎರಡು ತಲೆಯ ಬಾಣದ ಗುರುತಿನ ಒಂದು ಸಾಧನವಿತ್ತು, ಪಟ್ಟಿಯನ್ನು ಹಿಡಿದು ಆಚೀಚೆ ಎಳೆಯಲು. ದನಿಯ ಪಟ್ಟಿಯನ್ನು 0.12 ಸೆಕೆಂಡು ಎಡಕ್ಕೆ ಎಳೆದೆವು. ಮೊದಲ ಭಾನುವಾರದ್ದು ಕೂತಿತು. ಎರಡನೆಯದೂ. ಮೂರನೆಯದು, ಆ ಚೆನ್ನಾಗಿದ್ದ ಮೂರನೆಯದು, ಎರಡು ಅಂಗೈ ಸೇರಿದ ಹಾಗೆ ಕೂತಿತು. ಅವಳು ಒಂದು ಸಲವೂ ತಪ್ಪಿರಲಿಲ್ಲ.

ಉಳಿದದ್ದು ಆ ಆರು ಸೆಕೆಂಡಿನ ಮೌನ. ಚರಣ ಮುಗಿದು ಹಾರ್ಮೋನಿಯಂ ಒಂಟಿಯಾಗಿ ಒಂದು ಸುತ್ತು ಹಾಕಿ ಬರುವ ಜಾಗ. ಬೆರೆತ ಹಾಡನ್ನು ಮೊಬೈಲಿನಲ್ಲಿ ಕೇಳಿ ಕೇಳಿ, ತಾತನ ಅದೇ ಹಾರ್ಮೋನಿಯಂನಲ್ಲಿ ಹುಡುಗಿ ಅದನ್ನು ಕಲಿತು ನುಡಿಸಿದಳು. ಮೊಬೈಲಿನದನ್ನೇ ಕತ್ತರಿಸಿ ಹಾಕಬಹುದಿತ್ತಲ್ಲ ಎಂದರೆ, ಅದು ಬೇರೆಯದೇ ಸದ್ದು ಬರುತ್ತೆ ಸಾರ್ ಎಂದಳು. ನಾನು ಒತ್ತಾಯ ಮಾಡಲಿಲ್ಲ. ಹಾರ್ಮೋನಿಯಂಗೂ ಮುದ್ರಣಕ್ಕೂ ಮೊದಲಿನಿಂದ ಅಷ್ಟಕ್ಕಷ್ಟೆ. 1940ರಿಂದ 1971ರವರೆಗೆ ಆಲ್ ಇಂಡಿಯಾ ರೇಡಿಯೋ ಅದನ್ನು ಒಳಗೇ ಬಿಟ್ಟುಕೊಂಡಿರಲಿಲ್ಲ. ಹಳ್ಳಿಯ ಹಾರ್ಮೋನಿಯಂ ಮೇಷ್ಟ್ರುಗಳ ವಿದ್ಯೆಯಲ್ಲಿ ಎಷ್ಟು ಪಾಲು ಯಾವ ಟೇಪಿಗೂ ಸಿಗದೆ ಹೋಗಿದೆಯೋ.

2024ರ ಸಂಕ್ರಾಂತಿಯ ಸಂಜೆ ಎಳ್ಳುಬೆಲ್ಲದ ತಟ್ಟೆಯ ಪಕ್ಕದಲ್ಲೇ ಸ್ಪೀಕರುಗಳನ್ನಿಟ್ಟು ಹಾಡು ಹಾಕಿದೆವು. ತಾಯಿ ಈ ಸಲ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು ಕುಳಿತಿದ್ದರು. ಮೇಷ್ಟ್ರು ಕಣ್ಣು ಮುಚ್ಚಿದ್ದರು. ಎಡಗೈ ಚೌಕಟ್ಟಿನ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು, ಬಡಿಯಲಿಲ್ಲ. ಆ ಆರು ಸೆಕೆಂಡು ಬಂತು, ಹೋಯಿತು. ಹುಡುಗಿ ನನ್ನ ಮುಖ ನೋಡಿದಳು. ಇನ್ನೊಂದು ಚರಣ ಶುರುವಾಯಿತು.

ಪಟ್ಟನೆ ಕೈ ಬಡಿಯಿತು. “ತ... ತಪ್ಪು” ಎಂದರು ಮೇಷ್ಟ್ರು, ಕಣ್ಣು ಬಿಡದೆ.

ಹುಡುಗಿಯ ಮುಖ ಇಳಿಯಿತು. ನಾನು ಹಾಡು ನಿಲ್ಲಿಸಿ ಪರದೆ ನೋಡಿದೆ. ನಿಂತಿದ್ದ ಜಾಗದಲ್ಲಿ ದನಿಯ ಪಟ್ಟಿ ಖಾಲಿ. ಅವಳ ಆರು ಸೆಕೆಂಡು ಎಷ್ಟೋ ಹಿಂದೆ ಹೋಗಿತ್ತು. ಆ ಜಾಗದಲ್ಲಿದ್ದುದು ಹಾರ್ಮೋನಿಯಂ ಒಂದೇ, ಅದೂ 2005ರದು.

“ಮೇಷ್ಟ್ರೇ, ಇಲ್ಲಿ ನುಡಿಸಿರೋದು ನೀವೇ” ಎಂದೆ.

ಮತ್ತೆ ಹಾಕಲು ಕೈಸನ್ನೆ ಮಾಡಿದರು. ಹಾಕಿದೆ. ಕಣ್ಣು ತೆರೆದು ಕೇಳಿದರು. ಬಾಯಿಯ ಒಂದೇ ಪಕ್ಕದಲ್ಲಿ ನಗು ಎದ್ದಿತು. ಬಹಳ ಕಷ್ಟಪಟ್ಟು, ಒಂದೊಂದೇ ಅಕ್ಷರವಾಗಿ, ಅದನ್ನು ತೆಗೆದು ಅಲ್ಲಿಯೂ ನೀನೇ ನುಡಿಸು ಎಂದು ಮೊಮ್ಮಗಳಿಗೆ ಹೇಳಿದರು.

“ತೆಗೆಯಲ್ಲ ತಾತ” ಎಂದಳು ಅವಳು. “ಅದು ಹಾಗೇ ಇರಲಿ.”